ಅಮ್ಮ ಬಿಸಾಡಿದ ಕೆಂಪು ಮಾತ್ರೆ: ಕಬ್ಬಿಣದ ಮಾತ್ರೆಗಳಲ್ಲಿ ಯಾವುದು ಒಳ್ಳೇದು?



ಈ ಪಾಡ್‌ಕಾಸ್ಟ್‌ನಲ್ಲಿ ನಾನು ಸಾಮಾನ್ಯವಾಗಿ ಜೇಬಿನ ವಿಷಯ ಮಾತಾಡ್ತೀನಿ. ಪಿಎಫ್ ದುಡ್ಡು ಹೇಗೆ ತೆಗೆಯೋದು, ಇಎಂಐ ಲೆಕ್ಕ ಹೇಗೆ ಓದೋದು, ಇಂಥವು. ಇವತ್ತು ರಕ್ತದ ವಿಷಯ. ನಾನು ಡಾಕ್ಟರ್ ಅಲ್ಲ. ಬಿ.ಕಾಂ ಮುಗಿಸಿ ಮೂರು ವರ್ಷ ಆಡಿಟರ್ ಆಫೀಸಿನಲ್ಲಿ ಬಿಲ್ಲು, ವೋಚರ್ ತಿರುವಿ ಹಾಕಿದವಳು. ಹಾಗಾಗಿ ಇದನ್ನ ವೈದ್ಯರ ಸಲಹೆ ಅಂತ ತಗೋಬೇಡಿ. ಒಂದು ಮನೆಯಲ್ಲಿ ಲೆಕ್ಕ ತಪ್ಪಿದ ಕಥೆ ಅಂತ ಕೇಳಿ. ಆ ಮನೆ ನಮ್ಮದೇ.

ಕಳೆದ ವರ್ಷ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮೂರು ತಿಪಟೂರಿನ ಹತ್ತಿರ. ಬೆಳಗ್ಗೆ ಒಬ್ಬಟ್ಟಿನ ಗಡಿಬಿಡಿ. ಅಡುಗೆಮನೆಗೆ ಕಾಲಿಟ್ಟರೆ ಅಮ್ಮ ಅಕ್ಕಿ ಡಬ್ಬದ ಮುಂದೆ ನಿಂತು, ಒಂದು ಹಿಡಿ ಹಸಿ ಅಕ್ಕಿ ಬಾಯಿಗೆ ಹಾಕ್ಕೊಂಡು ಅಗೀತಿದ್ದಳು. ನನ್ನ ನೋಡಿ ಕಳ್ಳಿ ಥರ ಬಾಯಿ ಮುಚ್ಚಿಕೊಂಡಳು.

"ಏನಮ್ಮಾ ಇದು?"

"ಬಾಯಿ ಚಪಲ ಬಿಡೇ. ಅಕ್ಕಿ ತಿಂದರೆ ಏನೋ ಸಮಾಧಾನ."

ಅವತ್ತೇ ಮಧ್ಯಾಹ್ನ ಮಹಡಿ ಮೇಲೆ ಸಂಡಿಗೆ ಒಣಹಾಕೋಕೆ ಹೊರಟವಳು ಹದಿನೈದು ಮೆಟ್ಟಿಲು ಹತ್ತೋದರೊಳಗೆ ಎರಡು ಸಲ ನಿಂತಳು. ಅಮ್ಮನಿಗೆ 46 ವರ್ಷ. ತೋಟದಲ್ಲಿ ತೆಂಗಿನಕಾಯಿ ಹೊತ್ತು ಬರ್ತಿದ್ದ ಹೆಂಗಸು. ರಾತ್ರಿ ಪಕ್ಕದಲ್ಲಿ ಮಲಗಿ ಮೆಲ್ಲಗೆ ಕೇಳಿದಾಗ ಗೊತ್ತಾಯ್ತು, ಒಂದು ವರ್ಷದಿಂದ ಮುಟ್ಟು ಒಂಬತ್ತು ಹತ್ತು ದಿನ ಹೋಗ್ತಿದೆ. "ನಿಲ್ಲೋ ಕಾಲ ಅಲ್ವಾ, ಹಂಗೇ ಆಗುತ್ತೆ" ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು ಯಾರಿಗೂ ಹೇಳಿರಲಿಲ್ಲ.

ರಕ್ತ ಪರೀಕ್ಷೆ ಮಾಡಿಸಿದ್ವಿ. ಹಿಮೋಗ್ಲೋಬಿನ್ 8.1. ಗರ್ಭಿಣಿ ಅಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಫೆರಿಟಿನ್ ಅಂತ ಇನ್ನೊಂದು ಪರೀಕ್ಷೆ ಇದೆ, ಅದು 5. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಹಿಮೋಗ್ಲೋಬಿನ್ ಅಂದ್ರೆ ದಿನದ ಖರ್ಚಿಗೆ ಓಡಾಡೋ ದುಡ್ಡು. ಫೆರಿಟಿನ್ ಅಂದ್ರೆ ಬ್ಯಾಂಕಿನಲ್ಲಿಟ್ಟ ಎಫ್‌ಡಿ. ಅಮ್ಮನ ಎಫ್‌ಡಿ ಪೂರ್ತಿ ಖಾಲಿ. ಓಡಾಡೋ ದುಡ್ಡೂ ಮುಗೀತಾ ಬಂದಿತ್ತು.

ಆಮೇಲೆ ತಿಳೀತು, ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ಇಂಥವು ತಿನ್ನಬೇಕು ಅನ್ನೋ ಆಸೆ ಕಬ್ಬಿಣದ ಕೊರತೆಯ ಒಂದು ಲಕ್ಷಣ. ನಾವು ಅದನ್ನ ಚಪಲ ಅಂತೀವಿ. ನಿಮ್ಮ ಮನೆಯಲ್ಲಿ ಯಾರಾದರೂ ಫ್ರಿಜ್‌ನಿಂದ ಐಸ್ ತೆಗೆದು ಕಟಕಟ ಅಂತ ಅಗೀತಿದ್ದರೆ ಬೈಯೋ ಮೊದಲು ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ.

ಇದು ನಮ್ಮನೆ ಒಂದರ ಕಥೆಯೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019ರಿಂದ 21ರವರೆಗೆ ನಡೀತು. ಅದರ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ 47.8 ಜನಕ್ಕೆ ರಕ್ತಹೀನತೆ. ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರು.

ಮೊದಲ ಸುತ್ತು: ಕೆಂಪು ಮಾತ್ರೆ

ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಂಪು ಮಾತ್ರೆ ಕೊಟ್ಟರು. ನೀವು ನೋಡಿರ್ತೀರ. ಸ್ಕೂಲಿನಲ್ಲಿ ವಾರಕ್ಕೊಂದು ಕೊಡ್ತಿದ್ದ ನೀಲಿ ಮಾತ್ರೆ ನೆನಪಿದ್ಯಾ, ಸೋಮವಾರ ಟೀಚರ್ ಮುಂದೆ ನುಂಗಿದ ಹಾಗೆ ಮಾಡಿ ಆಮೇಲೆ ಚರಂಡಿಗೆ ಉಗೀತಿದ್ವಲ್ಲ, ಅದರ ದೊಡ್ಡಕ್ಕ. ಎರಡರಲ್ಲೂ ಇರೋದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಹದಿಹರೆಯದವರಿಗೆ ನೀಲಿ, ದೊಡ್ಡ ಹೆಂಗಸರಿಗೆ, ಗರ್ಭಿಣಿಯರಿಗೆ ಕೆಂಪು. 5ರಿಂದ 9 ವರ್ಷದ ಮಕ್ಕಳಿಗೆ 45 ಮಿಲಿಗ್ರಾಂನ ಗುಲಾಬಿ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ್ ಕಾರ್ಯಕ್ರಮದ ಬಣ್ಣಗಳಿವು.

ಅಮ್ಮನಿಗೆ ಬೆಳಗ್ಗೆ ಒಂದು, ರಾತ್ರಿ ಒಂದು ಅಂತ ಹೇಳಿದ್ರು. ಬೆಂಗಳೂರಿಗೆ ವಾಪಸ್ ಬಂದು ದಿನಾ ಫೋನ್ ಮಾಡ್ತಿದ್ದೆ. "ಮಾತ್ರೆ ತಗೊಂಡ್ಯಾ?" "ಹ್ಞೂ, ತಗೊಂಡೆ." ಇಪ್ಪತ್ತು ದಿನ ಕಳೆದು ಊರಿಗೆ ಹೋದಾಗ ಸಾಸಿವೆ ಡಬ್ಬದ ಹಿಂದೆ ಸ್ಟ್ರಿಪ್‌ಗಳು ಸಿಕ್ಕಿದವು. ಒಂಬತ್ತು ದಿನ ತಗೊಂಡು ನಿಲ್ಲಿಸಿದ್ದಳು. ಒಂದು ಸ್ಟ್ರಿಪ್ ತಿಪ್ಪೆಗೂ ಹೋಗಿತ್ತು. ವಾಕರಿಕೆ, ಹೊಟ್ಟೆ ನುಲಿತ, ಮಲಬದ್ಧತೆ. ಅದಕ್ಕಿಂತ ಹೆಚ್ಚಾಗಿ ಮಲ ಕಪ್ಪಗಾಗಿದ್ದು ನೋಡಿ ಹೆದರಿದ್ದಳು. ಕಬ್ಬಿಣದ ಮಾತ್ರೆ ತಗೊಂಡರೆ ಮಲ ಕಪ್ಪಗಾಗೋದು ಸಹಜ, ಹೀರಿಕೊಳ್ಳದೆ ಉಳಿದ ಕಬ್ಬಿಣ ಅದು. ಇಷ್ಟು ಮಾತು ನಾನಾದರೂ ಹೇಳಬಹುದಿತ್ತು. ನನಗೂ ಗೊತ್ತಿರಲಿಲ್ಲ.

ಇನ್ನೂ ಒಂದು ಸಂಗತಿ. ಬೆಳಗಿನ ಮಾತ್ರೆಯನ್ನ ಅವಳು ಕಾಫಿ ಜೊತೆ ನುಂಗ್ತಿದ್ದಳು. ಅದು ಎಷ್ಟು ದೊಡ್ಡ ತಪ್ಪು ಅಂತ ಆಮೇಲೆ ಹೇಳ್ತೀನಿ.

ಎರಡನೇ ಸುತ್ತು: ದುಬಾರಿ ಮಾತ್ರೆ

ನಾನು ಏನು ಮಾಡಿದೆ ಅಂದ್ರೆ, ನಮ್ಮ ವಯಸ್ಸಿನವರೆಲ್ಲ ಮಾಡೋದನ್ನೇ ಮಾಡಿದೆ. ಫೋನ್ ತೆಗೆದು ಹುಡುಕಿದೆ. ‘ಹೊಟ್ಟೆಗೆ ಹಿತ’, ‘ಮಲಬದ್ಧತೆ ಇಲ್ಲ’ ಅಂತ ಬರೆದಿದ್ದ ಒಂದು ಚೀಪೋ ಮಾತ್ರೆ ಸಿಕ್ತು. ಐರನ್ ಪಾಲಿಮಾಲ್ಟೋಸ್ ಅನ್ನೋ ಜಾತಿ. ಹತ್ತು ಮಾತ್ರೆಗೆ 190 ರೂಪಾಯಿ. ಪುಕ್ಕಟೆ ಸಿಕ್ಕಿದ್ದು ಕೆಟ್ಟದ್ದು, ದುಡ್ಡು ಕೊಟ್ಟದ್ದು ಒಳ್ಳೇದು ಅನ್ನೋ ನಂಬಿಕೆ ನಮಗೆ ರಕ್ತದಲ್ಲೇ ಇದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೂ ಅದೊಂದು ಕಡಿಮೆ ಆಗಲ್ಲ.

ಅಮ್ಮ ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಊಟ ಆದ ಮೇಲೆ ಚೀಪಿದಳು. ಹೊಟ್ಟೆನೋವಿಲ್ಲ, ಏನಿಲ್ಲ. 1,140 ರೂಪಾಯಿ ಖರ್ಚು. ಮತ್ತೆ ರಕ್ತ ಪರೀಕ್ಷೆ: 8.4. ಅಂದ್ರೆ ಎರಡು ತಿಂಗಳಲ್ಲಿ 0.3.

ಅಕ್ಕಿ ಡಬ್ಬ ಆಗಲೂ ಖಾಲಿ ಆಗ್ತಾನೇ ಇತ್ತು.

ಆಗ ತುಮಕೂರಿನಲ್ಲಿ ಒಬ್ಬರು ಸ್ತ್ರೀರೋಗ ತಜ್ಞೆ ಹತ್ತಿರ ಕರಕೊಂಡು ಹೋದೆ. ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲಿ ಗೆಡ್ಡೆ ಕಾಣಿಸ್ತು. ಫೈಬ್ರಾಯ್ಡ್. ಕ್ಯಾನ್ಸರ್ ಅಲ್ಲ, ಆದರೆ ರಕ್ತ ಹೋಗ್ತಿದ್ದದ್ದು ಅದರಿಂದಲೇ. ಆಪರೇಷನ್ ಆಗಬೇಕು. ಆದರೆ ಹಿಮೋಗ್ಲೋಬಿನ್ 8.4 ಇಟ್ಕೊಂಡು ಅಲ್ಲ, 10 ದಾಟಬೇಕು ಅಂದ್ರು. ದಾಟದಿದ್ದರೆ ಕಬ್ಬಿಣವನ್ನ ಡ್ರಿಪ್‌ನಲ್ಲಿ ಕೊಡಬೇಕು, ಇಲ್ಲಾಂದ್ರೆ ರಕ್ತ ಹಾಕಬೇಕು. ಎರಡು ತಿಂಗಳು ಟೈಮ್ ಕೊಟ್ಟರು. ಡಾಕ್ಟರಮ್ಮ ಚೀಟಿಯಲ್ಲಿ ಏನು ಬರೆದರು ಗೊತ್ತಾ? ಅದೇ ಕೆಂಪು ಮಾತ್ರೆ. ದಿನಕ್ಕೆ ಒಂದೇ ಒಂದು. ಜೊತೆಗೆ ರಕ್ತಸ್ರಾವ ಕಡಿಮೆ ಮಾಡೋಕೆ ಬೇರೆ ಮಾತ್ರೆ.

ನನಗೆ ಸಿಟ್ಟು ಬಂತು. ಎರಡು ತಗೊಂಡಾಗ ತಡೆಯೋಕಾಗದ ಮಾತ್ರೆಯನ್ನ ಮತ್ತೆ ಯಾಕೆ? ಅದೂ ಒಂದೇ ಯಾಕೆ? ಅವರು ಸಮಾಧಾನವಾಗಿ ಐದು ನಿಮಿಷ ಹೇಳಿದ್ರು. ಆಮೇಲೆ ನಾನು ಮನೆಗೆ ಬಂದು ಒಂದು ವಾರ ಕೂತು ಓದಿದೆ. ಆ ಓದಿನ ಸಾರ ಈಗ ಹೇಳ್ತೀನಿ.

ಗ್ರಾಸ್ ಸಂಬಳ, ಕೈಗೆ ಬರೋ ಸಂಬಳ

ಮಾತ್ರೆ ಸ್ಟ್ರಿಪ್ ಮೇಲಿನ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. ಅದು ಆಫರ್ ಲೆಟರ್‌ನಲ್ಲಿ ಬರೆದ ಸಂಬಳ ಇದ್ದ ಹಾಗೆ. ಕಬ್ಬಿಣ ಒಬ್ಬಂಟಿಯಾಗಿ ಮಾತ್ರೆಯಲ್ಲಿ ಇರಲ್ಲ, ಯಾವುದೋ ಒಂದು ಲವಣದ ರೂಪದಲ್ಲಿ ಇರುತ್ತೆ. ಫೆರಸ್ ಫ್ಯೂಮರೇಟ್ 100 ಮಿಲಿಗ್ರಾಂ ತಗೊಂಡರೆ ಅದರಲ್ಲಿ ನಿಜವಾದ ಕಬ್ಬಿಣ ಸುಮಾರು 33. ಫೆರಸ್ ಗ್ಲುಕೋನೇಟ್‌ನಲ್ಲಿ ಸುಮಾರು 12. ಒಣಗಿಸಿದ ಫೆರಸ್ ಸಲ್ಫೇಟ್ 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 65. ಆದ್ದರಿಂದ ನೋಡಬೇಕಾದ್ದು ‘ಎಲಿಮೆಂಟಲ್ ಐರನ್’ ಅನ್ನೋ ಪದದ ಪಕ್ಕದ ಅಂಕಿ. 300 ಮಿಲಿಗ್ರಾಂ ಗ್ಲುಕೋನೇಟ್ ಮಾತ್ರೆಗಿಂತ 200 ಮಿಲಿಗ್ರಾಂ ಸಲ್ಫೇಟ್ ಮಾತ್ರೆಯಲ್ಲಿ ಕಬ್ಬಿಣ ಜಾಸ್ತಿ.

ಅಲ್ಲಿಗೂ ಮುಗೀಲಿಲ್ಲ. ಹೊಟ್ಟೆಗೆ ಹೋದದ್ದೆಲ್ಲ ರಕ್ತಕ್ಕೆ ಸೇರಲ್ಲ. ಆ ಪಾಲನ್ನ ನಿರ್ಧರಿಸೋ ಒಂದು ಹಾರ್ಮೋನ್ ಇದೆ, ಹೆಪ್ಸಿಡಿನ್. ಲಿವರ್‌ನಲ್ಲಿ ತಯಾರಾಗುತ್ತೆ. ಅದನ್ನ ಗೇಟು ಕಾಯೋ ವಾಚ್‌ಮನ್ ಅಂದುಕೊಳ್ಳಿ. ಒಂದು ದೊಡ್ಡ ಡೋಸ್ ಕಬ್ಬಿಣ ಒಳಗೆ ಹೋದ ತಕ್ಷಣ ವಾಚ್‌ಮನ್ ಎಚ್ಚರಗೊಂಡು "ಸಾಕು, ಜಾಸ್ತಿ ಆಯ್ತು" ಅಂತ ಗೇಟು ಹಾಕ್ತಾನೆ. ಸ್ವಿಟ್ಜರ್ಲೆಂಡಿನ ಸಂಶೋಧಕರು 2015ರಲ್ಲಿ ತೋರಿಸಿದ್ದು ಇದನ್ನೇ: 60 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಬ್ಬಿಣ ತಗೊಂಡರೆ ಹೆಪ್ಸಿಡಿನ್ ಏರಿ ಸುಮಾರು 24 ಗಂಟೆ ಹಾಗೇ ಇರಬಹುದು. ಆ ಹೊತ್ತಿನಲ್ಲಿ ಎರಡನೇ ಮಾತ್ರೆ ನುಂಗಿದರೆ ಅದರ ಹೆಚ್ಚಿನ ಭಾಗ ಕರುಳಲ್ಲೇ ಉಳಿದು ಹೊಟ್ಟೆ ಕೆಡಿಸುತ್ತೆ.

2017ರಲ್ಲಿ ಅದೇ ತಂಡ ಇನ್ನೊಂದು ಲೆಕ್ಕ ಹಾಕ್ತು. ಕಬ್ಬಿಣದ ಸಂಗ್ರಹ ಕಡಿಮೆ ಇದ್ದ 40 ಹೆಂಗಸರು. 60 ಮಿಲಿಗ್ರಾಂನ 14 ಡೋಸ್. ಒಂದು ಗುಂಪಿಗೆ ದಿನಾ, ಇನ್ನೊಂದಕ್ಕೆ ದಿನ ಬಿಟ್ಟು ದಿನ. ದಿನಾ ತಗೊಂಡವರು ಹೀರಿಕೊಂಡದ್ದು ಒಟ್ಟು 131 ಮಿಲಿಗ್ರಾಂ. ದಿನ ಬಿಟ್ಟು ದಿನ ತಗೊಂಡವರು 175. ಮಾತ್ರೆ ಅಷ್ಟೇ, ಲಾಭ ಜಾಸ್ತಿ.

ಹಾಗಂತ ಎಲ್ಲರೂ ದಿನ ಬಿಟ್ಟು ದಿನ ತಗೊಳ್ಳಿ ಅಂತಲ್ಲ. ಗಮನಿಸಿ, ಅವರಿಗೆ 14 ಡೋಸ್ ಮುಗಿಸೋಕೆ 28 ದಿನ ಬೇಕಾಯ್ತು. ನಮ್ಮ ಚಂಡೀಗಢದ ಪಿಜಿಐನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಎರಡು ಸಲ 60 ಮಿಲಿಗ್ರಾಂ ತಗೊಂಡವರ ಹಿಮೋಗ್ಲೋಬಿನ್, ದಿನ ಬಿಟ್ಟು ದಿನ 120 ತಗೊಂಡವರಿಗಿಂತ ಬೇಗ ಏರಿತು. ವಾಕರಿಕೆ ಮಾತ್ರ ಅವರಿಗೇ ಜಾಸ್ತಿ. ಅಂದ್ರೆ ಅವಸರ ಇದ್ದವರ ಲೆಕ್ಕ ಬೇರೆ, ನಿಧಾನವಾಗಿ ತುಂಬಿಸಿಕೊಳ್ಳೋವರ ಲೆಕ್ಕ ಬೇರೆ. ನಿಮ್ಮದು ಯಾವುದು ಅಂತ ಡಾಕ್ಟರ್ ಹೇಳಬೇಕು. ಗರ್ಭಿಣಿಯರಂತೂ ತಮಗೆ ಹೇಳಿದ ಡೋಸ್ ಅನ್ನ ಪಾಡ್‌ಕಾಸ್ಟ್ ಕೇಳಿ ಬದಲಾಯಿಸಬೇಡಿ.

ವಯಸ್ಸಾದವರ ಬಗ್ಗೆ 2005ರ ಒಂದು ಅಧ್ಯಯನ ನನಗೆ ತುಂಬ ಇಷ್ಟ ಆಯ್ತು. 80 ದಾಟಿದ 90 ಜನ. ದಿನಕ್ಕೆ 15, 50, 150 ಮಿಲಿಗ್ರಾಂ ಅಂತ ಮೂರು ಗುಂಪು. ಎರಡು ತಿಂಗಳ ಮೇಲೆ ಮೂರೂ ಗುಂಪಿನಲ್ಲಿ ಹಿಮೋಗ್ಲೋಬಿನ್ ಏರಿದ್ದು ಹೆಚ್ಚುಕಮ್ಮಿ ಒಂದೇ ಥರ. ತೊಂದರೆ ಮಾತ್ರ ಡೋಸ್ ಹೆಚ್ಚಿದಷ್ಟೂ ಹೆಚ್ಚು. ನಿಮ್ಮಜ್ಜಿ "ಈ ಮಾತ್ರೆ ನನಗಾಗಲ್ಲ ಕಣೋ" ಅಂದ್ರೆ ಅದು ಹಠ ಅಲ್ಲ. ಡೋಸ್ ಕಡಿಮೆ ಮಾಡಬಹುದಾ ಅಂತ ಡಾಕ್ಟರನ್ನ ಕೇಳಿ.

ಯಾವ ಜಾತಿ ಮೇಲು?

ಈಗ ಎಲ್ಲರೂ ಕಾಯ್ತಿರೋ ಪ್ರಶ್ನೆ. ಮೆಡಿಕಲ್ ಶಾಪಿನಲ್ಲಿ ಸಿಗೋ ಇಷ್ಟೊಂದು ಹೆಸರಲ್ಲಿ ಯಾವುದು ಒಳ್ಳೇದು?

ಫೆರಸ್ ಅಂತ ಶುರುವಾಗೋ ಗುಂಪು ಒಂದು: ಸಲ್ಫೇಟ್, ಫ್ಯೂಮರೇಟ್, ಗ್ಲುಕೋನೇಟ್, ಆಸ್ಕಾರ್ಬೇಟ್, ಬಿಸ್‌ಗ್ಲೈಸಿನೇಟ್. ಇದರಲ್ಲಿ ಸಲ್ಫೇಟ್ ಎಲ್ಲಕ್ಕಿಂತ ಹಳೇದು. ಫ್ರಾನ್ಸಿನ ಬ್ಲೋ ಅನ್ನೋ ವೈದ್ಯರು 1832ರಷ್ಟು ಹಿಂದೆಯೇ ಫೆರಸ್ ಸಲ್ಫೇಟ್ ಮತ್ತು ಪೊಟ್ಯಾಷಿಯಂ ಕಾರ್ಬೊನೇಟ್ ಸೇರಿಸಿ ಗುಳಿಗೆ ಮಾಡಿ ಕೊಡ್ತಿದ್ದರು. ಸುಮಾರು ಇನ್ನೂರು ವರ್ಷ ಆದರೂ ಇನ್ನೂ ಮಾರುಕಟ್ಟೆ ಬಿಟ್ಟಿಲ್ಲ. ಆಸ್ಕಾರ್ಬೇಟ್ ನಮ್ಮಲ್ಲಿ ಖಾಸಗಿ ಡಾಕ್ಟರ್‌ಗಳು ತುಂಬ ಬರೀತಾರೆ, ಬೆಲೆ ಜಾಸ್ತಿ. ಬಿಸ್‌ಗ್ಲೈಸಿನೇಟ್ ಬಗ್ಗೆ ಡೆನ್ಮಾರ್ಕಿನಲ್ಲಿ ಗರ್ಭಿಣಿಯರ ಮೇಲೆ ನಡೆದ ಅಧ್ಯಯನ ಇದೆ. ಕೊರತೆ ಬಾರದ ಹಾಗೆ ತಡೆಯೋಕೆ ಅದರ 25 ಮಿಲಿಗ್ರಾಂ ಕಬ್ಬಿಣ, ಸಲ್ಫೇಟ್‌ನ 50ಕ್ಕೆ ಸಮ ಅಂತ ಕಂಡಿತು. ಹೊಟ್ಟೆ ಸೂಕ್ಷ್ಮ ಇರೋರಿಗೆ ಒಳ್ಳೆ ಆಯ್ಕೆ ಆಗಬಹುದು.

ಎರಡನೇದು ಫೆರಿಕ್ ಗುಂಪು. ಅಮ್ಮ ಚೀಪಿದ ಪಾಲಿಮಾಲ್ಟೋಸ್ ಇದರಲ್ಲಿ ಬರುತ್ತೆ. ಹೊಟ್ಟೆಗೆ ಹಿತ ಅನ್ನೋದು ನಿಜ. ಆದರೆ ದೇಹಕ್ಕೆ ಇದನ್ನ ಹೀರಿಕೊಳ್ಳೋದು ಕಷ್ಟ. ಇದೇ ಜಾತಿಯ ಪಾಲಿಸ್ಯಾಕರೈಡ್ ಕಬ್ಬಿಣವನ್ನ ಅಮೆರಿಕದಲ್ಲಿ 80 ಪುಟ್ಟ ಮಕ್ಕಳ ಮೇಲೆ ಸಲ್ಫೇಟ್ ಜೊತೆ ಹೋಲಿಸಿದ್ರು. ಎರಡೂ ಗುಂಪಿಗೆ ಒಂದೇ ಪ್ರಮಾಣದ ಕಬ್ಬಿಣ, ದಿನಕ್ಕೆ ಒಂದು ಸಲ, 12 ವಾರ. ಸಲ್ಫೇಟ್ ತಗೊಂಡ ಮಕ್ಕಳ ಹಿಮೋಗ್ಲೋಬಿನ್ ಹೆಚ್ಚು ಏರಿತು. 2017ರಲ್ಲಿ ಪ್ರಕಟವಾಯ್ತು.

ಇನ್ನು ಕರುಳಿನಲ್ಲಿ ನಿಧಾನವಾಗಿ ಕರಗೋ ಕೋಟಿಂಗ್ ಇರೋ ಮಾತ್ರೆಗಳು. ಕಬ್ಬಿಣ ಹೀರಿಕೊಳ್ಳೋ ಜಾಗ ಸಣ್ಣ ಕರುಳಿನ ಮೊದಲ ಭಾಗ. ಕೋಟಿಂಗ್ ಕರಗೋ ಹೊತ್ತಿಗೆ ಮಾತ್ರೆ ಆ ಸ್ಟಾಪ್ ದಾಟಿ ಮುಂದೆ ಹೋಗಿರುತ್ತೆ. ಹೊಟ್ಟೆನೋವು ಬರದೇ ಇರೋಕೆ ಒಂದು ಕಾರಣ ಅದೂ ಹೌದು: ಬಸ್ಸು ನಮ್ಮೂರಲ್ಲಿ ನಿಲ್ಲಲೇ ಇಲ್ಲ.

ಹಾಗಾದ್ರೆ ತೀರ್ಪು ಏನು? ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿಕಲ್ ಅಸೋಸಿಯೇಷನ್ 2024ರಲ್ಲಿ ಕೊಟ್ಟ ಸಲಹೆ ಹೀಗಿದೆ: ಬಾಯಲ್ಲಿ ತಗೊಳ್ಳೋ ಕಬ್ಬಿಣದಲ್ಲಿ ಇಂಥದ್ದೇ ಮೇಲು ಅನ್ನೋ ಹಾಗಿಲ್ಲ, ಅಗ್ಗ ಅನ್ನೋ ಕಾರಣಕ್ಕೆ ಸಲ್ಫೇಟ್‌ಗೆ ಮೊದಲ ಮಣೆ, ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಬೇಡ. ಬ್ರಿಟನ್ನಿನ ತಜ್ಞರ 2021ರ ಸಲಹೆಯೂ ದಿನಕ್ಕೊಂದು ಮಾತ್ರೆ, ತಡೆಯೋಕಾಗದಿದ್ದರೆ ದಿನ ಬಿಟ್ಟು ದಿನ. ಅಂದ್ರೆ ನಾನು ಎರಡು ತಿಂಗಳು ದುಡ್ಡು ಕೊಟ್ಟು ಹುಡುಕಿದ ಮಾತ್ರೆಗೆ ಉತ್ತರ ಸಾಸಿವೆ ಡಬ್ಬದ ಹಿಂದೆಯೇ ಇತ್ತು.

ಕಾಫಿ ಜಗಳ

ಈಗ ಕಾಫಿ ವಿಷಯ. ಅದೇ ಸ್ವಿಟ್ಜರ್ಲೆಂಡಿನಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನ. ಹೆಂಗಸರಿಗೆ 100 ಮಿಲಿಗ್ರಾಂ ಕಬ್ಬಿಣವನ್ನ ಬೇರೆ ಬೇರೆ ಥರ ಕೊಟ್ಟು ನೋಡಿದ್ರು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡದ್ದಕ್ಕೆ ಹೋಲಿಸಿದರೆ, ಕಾಫಿ ಜೊತೆ ತಗೊಂಡಾಗ ಹೀರಿಕೆ ನೂರಕ್ಕೆ 54 ಕಡಿಮೆ. ಕಾಫಿ ಸಮೇತ ತಿಂಡಿ ಜೊತೆ ತಗೊಂಡಾಗ 66 ಕಡಿಮೆ. ಟೀ ಕೂಡ ಸಾಚಾ ಅಲ್ಲ, ಅದರ ಒಗರಿನ ಅಂಶವೂ ಕಬ್ಬಿಣವನ್ನ ಹಿಡಿದು ಕಟ್ಟಿಹಾಕುತ್ತೆ.

ಹಾಗಾಗಿ ಡಾಕ್ಟರಮ್ಮ ಹೇಳಿದ್ದು: ಎದ್ದ ತಕ್ಷಣ ಮಾತ್ರೆ, ಬರೀ ನೀರು, ಕಾಫಿ ಒಂದು ಗಂಟೆ ಆದ ಮೇಲೆ. ಕೇಳೋಕೆ ಸುಲಭ. ನಮ್ಮಮ್ಮನಿಗೆ ಹೇಳಿ ನೋಡಿ! ಮೂವತ್ತು ವರ್ಷದಿಂದ ಐದೂವರೆಗೆ ಎದ್ದು ಆರಕ್ಕೆ ಕಾಫಿ ಕುಡಿದವಳು. "ಮಾತ್ರೆ ಬೇಕಾದರೆ ಹತ್ತು ನುಂಗ್ತೀನಿ, ಕಾಫಿ ಮುಂದಕ್ಕೆ ಹಾಕು ಅಂತ ಮಾತ್ರ ಹೇಳಬೇಡ" ಅಂದಳು. ಕೊನೆಗೆ ರಾಜಿ ಆಯ್ತು. ಎದ್ದ ತಕ್ಷಣ ಮಾತ್ರೆ, ಆಮೇಲೆ ಬಾಗಿಲಿಗೆ ನೀರು, ರಂಗೋಲಿ, ಕೊಟ್ಟಿಗೆ ಕೆಲಸ, ಹೂವು ಬಿಡಿಸೋದು. ಆರೂವರೆಗೆ ಕಾಫಿ. ಅಪ್ಪನೂ ಜೊತೆಗೆ ಕಾದರು. ಅವರು ಕಾದಿದ್ದು ಅಮ್ಮನ ಮೇಲಿನ ಪ್ರೀತಿಗೋ, ಮಾಡಿಕೊಡೋರು ಬೇರೆ ಯಾರೂ ಇಲ್ಲ ಅಂತಲೋ, ಗೊತ್ತಿಲ್ಲ.

ನಿಂಬೆರಸ ಬೇಕಾ ಅಂತ ತುಂಬ ಜನ ಕೇಳ್ತೀರ. ಆ 2023ರ ಅಧ್ಯಯನದಲ್ಲಿ ವಿಟಮಿನ್ ಸಿ ಜೊತೆ ಕೊಟ್ಟಾಗ ಹೀರಿಕೆ ಸ್ವಲ್ಪ ಹೆಚ್ಚಿತು. ಆದರೆ ಚೀನಾದಲ್ಲಿ 440 ರೋಗಿಗಳ ಮೇಲೆ ನಡೆದ 2020ರ ಅಧ್ಯಯನದಲ್ಲಿ ವಿಟಮಿನ್ ಸಿ ಮಾತ್ರೆ ಸೇರಿಸಿದವರಿಗೂ ಸೇರಿಸದವರಿಗೂ ಹಿಮೋಗ್ಲೋಬಿನ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅರ್ಧ ಹೋಳು ನಿಂಬೆ ಹಿಂಡಿಕೊಂಡರೆ ನಷ್ಟ ಇಲ್ಲ. ಅದಕ್ಕೆ ಅಂತ ಇನ್ನೊಂದು ಮಾತ್ರೆ ಕೊಳ್ಳೋದು ಬೇಡ.

ಬೀಟ್ರೂಟ್? ಕೆಂಪು ಬಣ್ಣ ಇದೆ ಅಷ್ಟೇ, 100 ಗ್ರಾಂನಲ್ಲಿ ಒಂದು ಮಿಲಿಗ್ರಾಂನಷ್ಟೂ ಕಬ್ಬಿಣ ಇಲ್ಲ. ಸೊಪ್ಪು, ಕಾಳು, ಮಾಂಸ ತಿನ್ನೋರಾದರೆ ಮಾಂಸ, ಎಲ್ಲ ತಿನ್ನಿ. ಆದರೆ ಖಾಲಿ ಆದ ಎಫ್‌ಡಿ ಊಟದಿಂದ ಮಾತ್ರ ತುಂಬಲ್ಲ.

ಕ್ಯಾಲ್ಸಿಯಂ ಮಾತ್ರೆ, ಆಸಿಡಿಟಿಗೆ ತಗೊಳ್ಳೋ ಆಂಟಾಸಿಡ್ ಇದ್ದರೆ ಬೇರೆ ಹೊತ್ತಿಗೆ ತಗೊಳ್ಳಿ. ಥೈರಾಯ್ಡ್ ಮಾತ್ರೆಗೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಖಾಲಿ ಹೊಟ್ಟೆಯಲ್ಲಿ ತಗೊಂಡು ವಾಂತಿ ಬರೋ ಹಾಗಾದರೆ ಸ್ವಲ್ಪ ಏನಾದರೂ ತಿಂದು ತಗೊಳ್ಳಿ. ಹೀರಿಕೆ ಕಡಿಮೆ ಆಗುತ್ತೆ, ನಿಜ. ಆದರೆ ತಿಪ್ಪೆಗೆ ಹೋದ ಮಾತ್ರೆಯ ಹೀರಿಕೆ ಸೊನ್ನೆ.

ಮೂರನೇ ಸುತ್ತು

ಜುಲೈನಲ್ಲಿ ಶುರು ಮಾಡಿದ್ವಿ. ಎರಡನೇ ವಾರ ಫೋನ್ ಮಾಡಿದಾಗ ಅಪ್ಪ ಅಂದ್ರು, "ನಿಮ್ಮಮ್ಮ ಅಕ್ಕಿ ತಿನ್ನೋದು ಬಿಟ್ಟಂಗಿದೆ ಕಣಮ್ಮ." ಲ್ಯಾಬಿನ ಅಂಕಿ ಬರೋ ಮೊದಲೇ ಅಕ್ಕಿ ಡಬ್ಬ ರಿಪೋರ್ಟ್ ಕೊಟ್ಟಿತ್ತು. ನಾಲ್ಕು ವಾರಕ್ಕೆ 9.6. ಎಂಟು ವಾರಕ್ಕೆ 10.8. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ಬಂದು, ಆಮೇಲೆ ಆಪರೇಷನ್‌ಗೆ ಅಡ್ಮಿಟ್ ಆದಳು. ರಕ್ತ ಹಾಕೋ ಪ್ರಮೇಯ ಬರಲಿಲ್ಲ.

ಇಲ್ಲಿ ಆಡಿಟರ್ ಆಫೀಸಿನ ಬುದ್ಧಿ ಬಿಡಲ್ಲ. ಪ್ರಾಮಾಣಿಕವಾಗಿ ಹೇಳಬೇಕು: ಮೂರನೇ ಸುತ್ತಿನಲ್ಲಿ ಬದಲಾಗಿದ್ದು ಮಾತ್ರೆ ಒಂದೇ ಅಲ್ಲ. ಹೊತ್ತು ಬದಲಾಯ್ತು. ರಕ್ತಸ್ರಾವವೂ ಕಡಿಮೆ ಆಯ್ತು. ಹಾಗಾಗಿ ದುಬಾರಿ ಮಾತ್ರೆ ಸೋತಿತು, ಪುಕ್ಕಟೆ ಮಾತ್ರೆ ಗೆದ್ದಿತು ಅಂತ ನಮ್ಮಮ್ಮನೊಬ್ಬಳನ್ನ ನೋಡಿ ಹೇಳೋಕಾಗಲ್ಲ. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತ ಹೋದರೆ ಅದರ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತೆ. ಊಟದಿಂದ ದೇಹ ದಿನಕ್ಕೆ ಗಳಿಸೋದು ಒಂದೆರಡು ಮಿಲಿಗ್ರಾಂ ಮಾತ್ರ. ತೂತು ಬಿದ್ದ ಬಿಂದಿಗೆಗೆ ಯಾವ ನಲ್ಲಿ ನೀರು ಒಳ್ಳೇದು ಅಂತ ನಾನು ಎರಡು ತಿಂಗಳು ಯೋಚಿಸಿದ್ದೆ.

ಅದೇ ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು. ‘ಯಾವ ಮಾತ್ರೆ’ ಅನ್ನೋದು ಎರಡನೇ ಪ್ರಶ್ನೆ. ಮೊದಲನೇದು ‘ಕಬ್ಬಿಣ ಎಲ್ಲಿ ಹೋಗ್ತಿದೆ’. ಹೆಂಗಸರಲ್ಲಿ ಹೆಚ್ಚು ಮುಟ್ಟು. ತೋಟದಲ್ಲಿ ಬರಿಗಾಲಲ್ಲಿ ಓಡಾಡೋರಿಗೆ ಕೊಕ್ಕೆಹುಳ. ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಡಿಮೆ ಆದರೆ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರ್ತಿದೆಯಾ ಅಂತ ನೋಡಲೇಬೇಕು. ಅದು ಬಿಟ್ಟು ಟಾನಿಕ್ ಕುಡೀತಾ ಕೂತರೆ ದೊಡ್ಡ ಕಾಯಿಲೆ ಒಳಗೇ ಅಡಗಿ ಕೂತಿರಬಹುದು.

ಇನ್ನು ನಾಲ್ಕು ಎಚ್ಚರಿಕೆ. ಒಂದು, ಹಿಮೋಗ್ಲೋಬಿನ್ ಸರಿ ಹೋಯ್ತು ಅಂತ ಮಾತ್ರೆ ನಿಲ್ಲಿಸಬೇಡಿ. ಎಫ್‌ಡಿ ತುಂಬೋಕೆ ಇನ್ನೂ ಸುಮಾರು ಮೂರು ತಿಂಗಳು ಬೇಕು. ಎರಡು, ಸರಿಯಾಗಿ ತಗೊಂಡೂ ಒಂದು ತಿಂಗಳಲ್ಲಿ ಅಂಕಿ ಅಲ್ಲಾಡದಿದ್ದರೆ ಅದೇ ಮಾತ್ರೆ ಮುಂದುವರಿಸಬೇಡಿ, ಡಾಕ್ಟರ್ ಹತ್ತಿರ ಹೋಗಿ. ಕೆಲವರಿಗೆ ಡ್ರಿಪ್ಪೇ ಸರಿ. ಮೂರು, ಪರೀಕ್ಷೆ ಇಲ್ಲದೆ ಕಬ್ಬಿಣ ತಿನ್ನಬೇಡಿ. ಥಲಸ್ಸೀಮಿಯಾ ವಾಹಕರಿಗೂ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇರಬಹುದು, ಆದರೆ ಅವರಿಗೆ ಕಬ್ಬಿಣದ ಕೊರತೆ ಇರಲೇಬೇಕು ಅಂತಿಲ್ಲ. ನಾಲ್ಕು, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಕೆಂಪು ಮಾತ್ರೆ ಮಕ್ಕಳಿಗೆ ಪೆಪ್ಪರ್‌ಮೆಂಟ್ ಥರ ಕಾಣುತ್ತೆ, ಒಂದಷ್ಟು ನುಂಗಿದರೆ ಪ್ರಾಣಕ್ಕೇ ಅಪಾಯ.

ಅಮ್ಮನ ಜೊತೆ ಓಡಾಡ್ತಾ ನಾನೂ ಪರೀಕ್ಷೆ ಮಾಡಿಸಿಕೊಂಡೆ. ಹಿಮೋಗ್ಲೋಬಿನ್ 12.3, ನಾರ್ಮಲ್ ಅಂತ ಟಿಕ್. ಫೆರಿಟಿನ್ 11. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರಲ್ಲಿ 15ಕ್ಕಿಂತ ಕಡಿಮೆ ಇದ್ದರೆ ಕೊರತೆ. ಎರಡು ವರ್ಷದಿಂದ ಸಂಜೆ ನಾಲ್ಕಕ್ಕೆ ಕಣ್ಣು ಎಳೆಯೋದನ್ನ ನಾನು ಆಫೀಸಿನ ಮೇಲೆ, ಟ್ರಾಫಿಕ್ ಮೇಲೆ, ಫೋನ್ ಮೇಲೆ ಹಾಕಿದ್ದೆ. ಅದೆಲ್ಲದರ ಪಾಲೂ ಇರಬಹುದು. ಎಫ್‌ಡಿ ಖಾಲಿ ಇದ್ದದ್ದಂತೂ ನಿಜ. ಈಗ ನಾನೂ ದಿನ ಬಿಟ್ಟು ದಿನ ಒಂದು ಕೆಂಪು ಮಾತ್ರೆ ತಗೊಳ್ತೀನಿ. ಸ್ಕೂಲಿನಲ್ಲಿ ಚರಂಡಿಗೆ ಉಗಿದ ನೀಲಿ ಮಾತ್ರೆಗಳ ಬಡ್ಡಿ ಕಟ್ತಿದ್ದೀನಿ ಅಂದುಕೊಳ್ಳಿ.

ಮೊನ್ನೆ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅಮ್ಮನ ಫೆರಿಟಿನ್ ಈಗ 38. ಪೊಂಗಲ್‌ಗೆ ಅಕ್ಕಿ ಅಳೀತಾ ನಿಂತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಎರಡು ಪಾವು ಅಳೆದು, ಕೈಗೆ ಅಂಟಿದ ನಾಲ್ಕು ಕಾಳನ್ನೂ ಡಬ್ಬಕ್ಕೇ ಒದರಿ, ಮುಚ್ಚಳ ಹಾಕಿದಳು.

"ಏನೇ ಹಂಗೆ ನೋಡ್ತೀಯ? ಹೋಗಿ ಎಳ್ಳು ಬೀರ್ಕೊಂಡು ಬಾ, ಹೊತ್ತಾಯ್ತು" ಅಂದಳು.

ಇವತ್ತಿಗೆ ಇಷ್ಟು. ಈ ಸಂಚಿಕೆ ಕೇಳಿದ ಮೇಲೆ ಒಂದೇ ಒಂದು ಕೆಲಸ ಮಾಡಿ. ರಾತ್ರಿ ಮನೆಗೆ ಫೋನ್ ಮಾಡಿ. "ಮಾತ್ರೆ ತಗೊಂಡ್ಯಾ" ಅಂತ ಕೇಳಬೇಡಿ, ನಾನು ಕೇಳಿ ಕೆಟ್ಟೆ. "ಅಮ್ಮಾ, ಮುಟ್ಟು ಎಷ್ಟು ದಿನ ಹೋಗ್ತಿದೆ" ಅಂತ ಕೇಳಿ. ಹುಡುಗರೂ ಕೇಳಬಹುದು, ಅದರಲ್ಲಿ ನಾಚಿಕೆ ಏನಿಲ್ಲ. ಮುಂದಿನ ವಾರ ಮತ್ತೆ ಜೇಬಿನ ವಿಷಯಕ್ಕೆ ಬರ್ತೀನಿ. ಅಲ್ಲೀತನಕ ಹುಷಾರಾಗಿರಿ. ನಮಸ್ಕಾರ.